ಪ್ಲ್ಯಾಂಕ್ಟನ್ ಎಣಿಸೋಕೆ ಬಲೆ ಒಂದೇ ಸಾಲದು: ನಾನು ಮಾಡುವ ವಿಧಾನ

ಕಾರವಾರದ ಕಡಲಿಗೆ ಪ್ಲ್ಯಾಂಕ್ಟನ್ (ನೀರಲ್ಲಿ ತೇಲಿಕೊಂಡಿರುವ ಸಣ್ಣ ಜೀವಿಗಳು) ನೋಡಲು ಹೋದಾಗ ನಾನು ಬಲೆಗಿಂತ ಮೊದಲು ಬಾಟಲಿ ತುಂಬಿಸುತ್ತೇನೆ. 20 ಮೈಕ್ರಾನ್ ಕಣ್ಣಿನ ಬಲೆಯಲ್ಲಿ ಕಾಸಿನೋಡಿಸ್ಕಸ್‌ನಂಥ ದೊಡ್ಡ ಡಯಾಟಮ್‌ಗಳು (ಗಾಜಿನಂಥ ಚಿಪ್ಪಿರುವ ಒಂದೇ ಕೋಶದ ಪಾಚಿಗಳು), ಸರಪಳಿ ಕಟ್ಟಿಕೊಂಡ ಕೀಟೋಸಿರಾಸ್ ಚೆನ್ನಾಗಿ ಸಿಗುತ್ತವೆ. ಅದಕ್ಕಿಂತ ಸಣ್ಣವೆಲ್ಲ ನೀರಿನ ಜೊತೆ ಜಾರಿ ಹೋಗುತ್ತವೆ. ಯಾವುದು ಯಾವುದನ್ನು ತಿನ್ನುತ್ತದೆ ಅಂತ ತಿಳಿಯಬೇಕಾದರೆ ಆ ಸಣ್ಣವೇ ಬೇಕು, ಅಲ್ವಾ?

ಕಾಳಿ ನದಿಯ ಅಳಿವೆ ಹತ್ತಿರ ಭರತದ ಹೊತ್ತಲ್ಲೇ ನೀರು ತೆಗೆಯಿರಿ, ಇಳಿತದಲ್ಲಿ ಹೊಳೆ ನೀರೇ ಜಾಸ್ತಿ. ಒಂದು ಹನಿ ಜೀವಂತ ಇರುವಾಗಲೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಸಿಲಿಯೇಟ್‌ಗಳು (ಮೈಮೇಲಿನ ಸಣ್ಣ ರೋಮಗಳಿಂದ ಈಜುವ ಒಂದೇ ಕೋಶದ ಜೀವಿಗಳು) ಓಡಾಡುವ ರೀತಿಯಲ್ಲೇ ಗುರುತು ಸಿಗುತ್ತವೆ, ಕೆಡದಂತೆ ಇಡುವ ಔಷಧಿ ಬಿದ್ದ ಮೇಲೆ ಮುದುಡಿಕೊಳ್ಳುತ್ತವೆ. ಆಮೇಲೆ 1 ಲೀಟರ್ ನೀರಿಗೆ ಆ ಔಷಧಿ, ಅಂದರೆ ಲುಗಾಲ್ ಅಯೋಡಿನ್ ಹಾಕುತ್ತೇನೆ, ತೆಳು ಚಹಾದ ಬಣ್ಣ ಬರುವಷ್ಟು. ಅಳತೆ ಜಾಡಿಯಲ್ಲಿ ಎರಡು ದಿನ ಅಲುಗಾಡಿಸದೆ ಇಟ್ಟು, ತುದಿಗೆ ಸಣ್ಣ ಜಾಲರಿ ಕಟ್ಟಿದ ಪೈಪಿನಿಂದ ಮೇಲಿನ ನೀರನ್ನು ನಿಧಾನ ಎಳೆದು 50 ಮಿಲಿಲೀಟರ್ ಉಳಿಸಿಕೊಳ್ಳುತ್ತೇನೆ. ಅದನ್ನು ಕಲಕಿ, 1 ಮಿಲಿಲೀಟರ್ ತೆಗೆದು ಸೆಡ್ಜ್‌ವಿಕ್ ರಾಫ್ಟರ್ ಸ್ಲೈಡಿನಲ್ಲಿ (1 ಮಿಲಿಲೀಟರ್ ಹಿಡಿಯುವ, ಎಣಿಸಲೆಂದೇ ಇರುವ ಗಾಜು) ಎಣಿಸಿ 50ರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಅಂತ ಬರುತ್ತದೆ. ಡಯಾಟಮ್‌ಗೆ ಒಂದು ಕಾಲಂ, ಸಿಲಿಯೇಟ್‌ಗೆ ಬೇರೆ ಕಾಲಂ.

ಬ್ಯಾಕ್ಟೀರಿಯಾ ಇದರಲ್ಲಿ ಕಾಣೋದಿಲ್ಲ. ಅದಕ್ಕೆ ಹೊಳೆಯುವ ಬಣ್ಣ ಹಾಕಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. 1 ಮಿಲಿಲೀಟರ್ ಕಡಲ ನೀರಲ್ಲಿ ಸುಮಾರು 10 ಲಕ್ಷ ಇರುತ್ತವೆ! ಡಯಾಟಮ್‌ಗಳಿಂದ ಸೋರಿ ನೀರಲ್ಲಿ ಕರಗಿದ ಆಹಾರವನ್ನು ಇವು ಹೀರಿಕೊಳ್ಳುತ್ತವೆ, ಇವನ್ನು ಬಾಲವಿರುವ ಫ್ಲ್ಯಾಜೆಲೇಟ್‌ಗಳು ತಿನ್ನುತ್ತವೆ, ಅವನ್ನು ಸಿಲಿಯೇಟ್‌ಗಳು, ಸಿಲಿಯೇಟ್‌ಗಳನ್ನು ಕೋಪೆಪಾಡ್‌ಗಳು (ಸಿಗಡಿಯ ಬಳಗದ ಪುಟ್ಟ ಜೀವಿಗಳು). ಹಾಗೆ ಕರಗಿ ಹೋದದ್ದರಲ್ಲಿ ಒಂದು ಪಾಲು ಮತ್ತೆ ಮೀನಿನ ದಾರಿಗೆ ಬರುತ್ತದೆ. ವಿಜ್ಞಾನಿ ಫಾರೂಕ್ ಅಜಂ ಮತ್ತು ಸಂಗಡಿಗರು 1983ರಲ್ಲಿ ಇದನ್ನು ಮೈಕ್ರೋಬಿಯಲ್ ಲೂಪ್ ಅಂತ ಕರೆದರು. ನನಗೆ ಕಡಲಿನ ಲೆಕ್ಕದಲ್ಲಿ ಅತ್ಯಂತ ಮುಖ್ಯ ಅನಿಸುವ ಭಾಗ ಇದೇ, ಆದರೂ ಮೀನಿನ ಬಗ್ಗೆ ಮಾತಾಡುವಾಗ ಇದರ ಹೆಸರು ಬರೋದೇ ಅಪರೂಪ.

ಮಳೆಗಾಲವನ್ನು ಮಾತ್ರ ಬಿಡಬೇಡಿ. ಆಗ ಕಡಲಿನ ಆಳದಿಂದ ಪೋಷಕಾಂಶ ತುಂಬಿದ ತಣ್ಣನೆಯ ನೀರು ದಡದ ಕಡೆ ಮೇಲೇಳುತ್ತದೆ, ಹೊಳೆಗಳು ಡಯಾಟಮ್ ಚಿಪ್ಪಿಗೆ ಬೇಕಾದ ಸಿಲಿಕಾ ತರುತ್ತವೆ, ಡಯಾಟಮ್ ಉಕ್ಕುತ್ತದೆ, ಬೂತಾಯಿಗೂ ಬಂಗಡೆಗೂ ಮೇವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಕಡಲೂ ಒರಟು. ಆ ದಿನಗಳಲ್ಲಿ ನಾನು ಜೆಟ್ಟಿಯಿಂದಲೇ ಬಕೆಟ್ ಇಳಿಸಿ ನೀರು ತೆಗೆಯುತ್ತೇನೆ. ಕೆಸರು ಜಾಸ್ತಿ ಇರುವುದರಿಂದ ಎಣಿಸಲು ಹೊತ್ತು ಹಿಡಿಯುತ್ತದೆ, ಬಾಕಿ ವಿಧಾನ ಅದೇ.