ಅಮೆರಿಕಕ್ಕೆ ಹೊಸದಾಗಿ ಬಂದ ದಾವಣಗೆರೆ, ಚಿತ್ರದುರ್ಗದ ಹೆಣ್ಣುಮಕ್ಕಳಿಗೆ: ಅಕ್ಕಿ ಮುಗಿದಾಗ, ಮನೆ ಬಿಡಬೇಕಾದಾಗ

ಎಚ್-4 ವೀಸಾದಲ್ಲಿ (ಎಚ್-1 ಎಂಬ ಕೆಲಸದ ವೀಸಾದವರ ಹೆಂಡತಿಗೆ ಕೊಡುವುದು) ಬಂದು, ಕೈಯಲ್ಲಿ ಸ್ವಂತ ದುಡ್ಡಿಲ್ಲದೆ ಕಷ್ಟಕ್ಕೆ ಬಿದ್ದ ನಮ್ಮ ಕಡೆಯ ಹೆಣ್ಣುಮಕ್ಕಳು ಸಹಾಯ ಕೇಳಲು ಹಿಂಜರಿಯುವುದು ಎರಡು ಕಾರಣಕ್ಕೆ. ಊರಿಗೆ ಸುದ್ದಿ ಮುಟ್ಟುತ್ತದೆ ಎಂಬ ಅಳುಕು ಒಂದು. ಅದಕ್ಕೆ ನಮ್ಮಲ್ಲೂ ಮದ್ದಿಲ್ಲ. ವೀಸಾಕ್ಕೆ ತೊಂದರೆಯಾಗುತ್ತದೆ ಎಂಬ ಭಯ ಇನ್ನೊಂದು. ಎಲ್ಲಿ ವೀಸಾ ಕೇಳುತ್ತಾರೆ, ಎಲ್ಲಿ ಕೇಳುವುದಿಲ್ಲ ಎಂದು ಗೊತ್ತಿದ್ದರೆ ಈ ಭಯ ಅರ್ಧ ಇಳಿಯುತ್ತದೆ.

ಫುಡ್ ಬ್ಯಾಂಕ್ ಅಂದರೆ ಗೋದಾಮು. ಅಲ್ಲಿಂದ ದಿನಸಿ ಚರ್ಚು, ಶಾಲೆ, ಸಂಘಸಂಸ್ಥೆಗಳು ನಡೆಸುವ ಫುಡ್ ಪ್ಯಾಂಟ್ರಿಗಳಿಗೆ ಹೋಗುತ್ತದೆ. ನೀವು ಹೋಗಬೇಕಾದ್ದು ಪ್ಯಾಂಟ್ರಿಗೆ. ಸಹಾಯ ಎಲ್ಲಿ ಸಿಗುತ್ತದೆಂದು ತಿಳಿಸುವ 211ಕ್ಕೆ ಫೋನ್ ಮಾಡಿ ಜಿಪ್ ಕೋಡ್ ಹೇಳಿದರೆ ಹತ್ತಿರದ್ದು ಯಾವುದು, ಯಾವ ದಿನ ತೆರೆದಿರುತ್ತದೆ ಎಂದು ತಿಳಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಕೇಳುವುದು ಹೆಸರು, ವಿಳಾಸ, ಮನೆಯಲ್ಲಿ ಎಷ್ಟು ಜನ; ಕೆಲವೆಡೆ ಆದಾಯ ಇಷ್ಟೇ ಎಂದು ಒಂದು ಸಹಿ. ಮಠದ ದಾಸೋಹದಲ್ಲಿ ಅಷ್ಟನ್ನೂ ಕೇಳುವುದಿಲ್ಲ, ನಿಜ. ಇವರು ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಮಾಂಸ ತಿನ್ನದವರು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕಟ್ಟಿಟ್ಟ ಚೀಲವನ್ನೇ ಕೊಟ್ಟು ಕಳಿಸುತ್ತಾರೆ. ಬೀನ್ಸ್ ಡಬ್ಬಿ ಅಂತ ನಂಬಿ ತಂದರೆ ಅದರಲ್ಲಿ ಹಂದಿಮಾಂಸದ ಚೂರು ಇರಬಹುದು. ರಿಫ್ರೈಡ್ ಬೀನ್ಸ್‌ಗೆ ಎಷ್ಟೋ ಸಲ ಲಾರ್ಡ್, ಅಂದರೆ ಹಂದಿಕೊಬ್ಬು, ಹಾಕಿರುತ್ತಾರೆ. ತರಕಾರಿ ಸೂಪಿನಲ್ಲೂ ಚಿಕನ್ ಬ್ರಾತ್ ಸೇರಿರುವುದುಂಟು. ಒಣಕಾಳನ್ನೇ ಆರಿಸಿಕೊಳ್ಳುವುದು ವಾಸಿ. ಪಿಂಟೊ ಬೀನ್ಸ್ ರಾತ್ರಿ ನೆನೆಹಾಕಿ, ಕುಕ್ಕರಿನಲ್ಲಿ ಬೇಯಿಸಿ, ಸಾರಿನ ಪುಡಿ ಹಾಕಿದರೆ ಅವರೆಕಾಳಿನ ಸಾರಿನ ರುಚಿ ಬರದಿದ್ದರೂ ಮುದ್ದೆಗೆ ನಡೆಯುತ್ತದೆ. ಡಬ್ಬಿಯ ಮೇಲಿನ 'ಬೆಸ್ಟ್ ಬೈ' ತಾರೀಖು ರುಚಿಗೆ ಸಂಬಂಧಿಸಿದ್ದು, ದಾಟಿದ ತಕ್ಷಣ ಎಸೆಯಬೇಕಿಲ್ಲ. ಕೂಸಿನ ಫಾರ್ಮುಲಾ ಪುಡಿ ಮಾತ್ರ ತಾರೀಖು ದಾಟಿದರೆ ಬೇಡವೇ ಬೇಡ.

ಬಸುರಿ, ಬಾಣಂತಿ, 5 ವರ್ಷದೊಳಗಿನ ಮಕ್ಕಳಿಗೆ ವಿಕ್ ಎಂಬ ಯೋಜನೆ ಇದೆ. ಹಾಲು, ಮೊಟ್ಟೆ, ಕಾಳು, ತರಕಾರಿ ಕೊಳ್ಳಲು ಕಾರ್ಡ್ ಕೊಡುತ್ತಾರೆ, ವೀಸಾ ಕೇಳುವುದಿಲ್ಲ. ಗುರುತಿನ ಚೀಟಿ, ವಿಳಾಸ, ಆದಾಯದ ದಾಖಲೆ ಬೇಕು. ಎತ್ತರ, ತೂಕ, ರಕ್ತ ನೋಡುತ್ತಾರೆ. 'ಗಂಡನ ಸಂಬಳ ಜಾಸ್ತಿ, ನಮಗೆ ಸಿಗಲ್ಲ' ಎಂದು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ನೀವು ಬೇರೆ ಇದ್ದು ಅವರ ದುಡ್ಡು ನಿಮಗೆ ಬರದಿದ್ದರೆ ಆ ಸಂಬಳ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ವೀಸಾ ನೋಡುವುದು ಸ್ನ್ಯಾಪ್, ಅಂದರೆ ದಿನಸಿ ಕೊಳ್ಳಲು ಸರ್ಕಾರ ಕಾರ್ಡಿಗೆ ದುಡ್ಡು ಹಾಕುವ ಯೋಜನೆ: ಎಚ್-1, ಎಚ್-4ನವರಿಗೆ ಸಿಗದು. ಇಲ್ಲೇ ಹುಟ್ಟಿದ ಮಗುವಿನ ಹೆಸರಲ್ಲಿ ಅರ್ಜಿ ಹಾಕಬಹುದು.

ಮನೆ ಬಿಡುವ ಹಂತ ಬಂದರೆ ಕೌಟುಂಬಿಕ ದೌರ್ಜನ್ಯದ ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಇರುತ್ತದೆ. ದುಭಾಷಿ ಬೇಕೆಂದು ಕೇಳಿ. 'ಕನ್ನಡ' ಅಂದರೆ ಕೆನಡಾ ಅಂದುಕೊಳ್ಳುವವರೇ ಹೆಚ್ಚು, ಆದ್ದರಿಂದ ಭಾರತದ ಭಾಷೆ ಎಂದು ಸೇರಿಸಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿ. ಮಗುವಿನ ಕೈಲಿ ಮಾತಾಡಿಸಬೇಡಿ, ಗಂಡನ ಸ್ನೇಹಿತರ ಕೈಲಂತೂ ಬೇಡವೇ ಬೇಡ. ಮನೆಯವರೆಲ್ಲರ ಫೋನೂ ಒಂದೇ ಖಾತೆಯಲ್ಲಿರುವ ಫ್ಯಾಮಿಲಿ ಪ್ಲಾನ್ ಆದರೆ ನೀವು ಮಾಡಿದ ಕರೆಗಳು ಗಂಡನಿಗೆ ಕಾಣಬಹುದು. ಲೈಬ್ರರಿಯಿಂದಲೋ ಡಾಕ್ಟರ ಕ್ಲಿನಿಕ್ಕಿನಿಂದಲೋ ಮಾಡಿ. ಲೊಕೇಶನ್ ಹಂಚಿಕೆ ಆಗುತ್ತಿದ್ದರೆ ಹೇಗೆ, ಯಾವಾಗ ನಿಲ್ಲಿಸಬೇಕೆಂದು ಸಹಾಯವಾಣಿಯವರನ್ನೇ ಕೇಳಿ. ಏಕಾಏಕಿ ನಿಂತರೆ ಗಂಡನಿಗೆ ಅನುಮಾನ ಬರುತ್ತದೆ.

ನಮ್ಮ ಮನೆತನದ ರೀತಿನೀತಿ ಗೊತ್ತಿರುವವರ ಬಳಿ ಮಾತಾಡಬೇಕೆಂದರೆ ದಕ್ಷಿಣ ಏಷ್ಯಾದ ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳಿವೆ: ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮೈತ್ರಿ, ಹ್ಯೂಸ್ಟನ್ನಿನಲ್ಲಿ ದಯಾ, ಅಟ್ಲಾಂಟಾದಲ್ಲಿ ರಕ್ಷಾ.

ಮನೆ ಬಿಟ್ಟವರು ತಂಗುವ ಶೆಲ್ಟರ್ ತುಂಬಿದೆ ಎಂಬ ಉತ್ತರ ಮಾಮೂಲು. ಅಷ್ಟಕ್ಕೇ ಫೋನ್ ಇಡಬೇಡಿ. ಹೋಟೆಲ್ ವೋಚರ್ (ಅವರೇ ದುಡ್ಡು ಕೊಟ್ಟು ಹೋಟೆಲಿನಲ್ಲಿ ಇರಿಸುವ ಚೀಟಿ) ಇದೆಯಾ, ಪಕ್ಕದ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಜಾಗ ಇದೆಯಾ ಎಂದು ಕೇಳಿ, ಮರುದಿನ ಬೆಳಗ್ಗೆ ಮತ್ತೆ ಮಾಡಿ. ವಯಸ್ಸಿಗೆ ಬಂದ ಗಂಡುಮಗ ಜೊತೆಗಿದ್ದರೆ ಮೊದಲೇ ಹೇಳಿ, ಕೆಲವು ಕಡೆ ಸೇರಿಸಿಕೊಳ್ಳುವುದಿಲ್ಲ. ಪರಿಚಯದವರ ಮನೆಯ ನಡುಮನೆಯಲ್ಲಿ ಮಲಗುತ್ತಿದ್ದರೂ 1987ರ ಮೆಕಿನಿ-ವೆಂಟೊ ಕಾಯ್ದೆಯಡಿ ನಿಮ್ಮ ಮಕ್ಕಳು ಮನೆಯಿಲ್ಲದವರೇ: ಹಳೇ ಶಾಲೆಯಲ್ಲೇ ಮುಂದುವರಿಯುವ ಹಕ್ಕಿದೆ, ಊಟ ಉಚಿತ, ಹೊಸ ಶಾಲೆಯಾದರೆ ದಾಖಲೆ ಇಲ್ಲವೆಂದು ತಿರುಗಿಸಿ ಕಳಿಸುವಂತಿಲ್ಲ. ಪ್ರತಿ ಸ್ಕೂಲ್ ಡಿಸ್ಟ್ರಿಕ್ಟಿನಲ್ಲೂ ಇದನ್ನು ನೋಡಿಕೊಳ್ಳಲು ಲಯಜಾನ್ ಎಂಬ ಒಬ್ಬರು ಇರುತ್ತಾರೆ.

ಎಚ್-1 ಗಂಡನಿಂದ ದೌರ್ಜನ್ಯ ಅನುಭವಿಸಿದವರು ಕೆಲಸದ ಪರವಾನಗಿಗೆ ಐ-765ವಿ ಫಾರಂ ಹಾಕಬಹುದು. ಗಂಡ ಗ್ರೀನ್ ಕಾರ್ಡಿನವನೋ ಇಲ್ಲಿನ ಪ್ರಜೆಯೋ ಆಗಿದ್ದರೆ ದಾರಿ ಬೇರೆ. ಎರಡಕ್ಕೂ ವಕೀಲರು ಬೇಕು; ಮೇಲೆ ಹೇಳಿದ ಸಂಸ್ಥೆಗಳನ್ನೇ ಕೇಳಿ.

ಊರಲ್ಲಿರುವ ಅಪ್ಪ ಅಮ್ಮನಿಗೂ ಒಂದೆರಡು ಮಾತು. ಮಗಳ ಫೋನ್ ಬಂದಿಲ್ಲವೆಂದು ದಾವಣಗೆರೆಯಿಂದ 911 ಒತ್ತಿದರೆ ಅಮೆರಿಕದ ಪೊಲೀಸರಿಗೆ ಹೋಗುವುದಿಲ್ಲ. ಮಗಳಿರುವ ಊರಿನ ಪೊಲೀಸ್ ಠಾಣೆಯ 10 ಅಂಕಿಯ ನಂಬರು ಮೊದಲೇ ಬರೆದಿಟ್ಟುಕೊಂಡು, ಮೊದಲು 001, ಆಮೇಲೆ ಆ ನಂಬರು ಒತ್ತಿ ಫೋನ್ ಮಾಡಿ, 'ವೆಲ್‌ಫೇರ್ ಚೆಕ್' ಎಂದು ಕೇಳಿ, ಮನೆ ವಿಳಾಸ ಕೊಡಿ. ಅವರೇ ಹೋಗಿ ಬಾಗಿಲು ತಟ್ಟಿ ನೋಡುತ್ತಾರೆ. ಹಬ್ಬಕ್ಕೆಂದು ಕರೆತಂದು, ಹೆಂಡತಿಯ ಪಾಸ್‌ಪೋರ್ಟ್ ಎತ್ತಿಕೊಂಡು ಗಂಡನೊಬ್ಬನೇ ವಿಮಾನ ಹತ್ತುವುದೂ ನಡೆಯುತ್ತದೆ. ಆಗ ಇಲ್ಲಿನ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿಗೆ ಹೋಗಿ, ಪೊಲೀಸರಿಗೆ ಲಿಖಿತ ದೂರು ಕೊಡಿ, ರಾಷ್ಟ್ರೀಯ ಮಹಿಳಾ ಆಯೋಗದ ಎನ್‌ಆರ್‌ಐ ಸೆಲ್‌ಗೂ ಬರೆಯಿರಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ ಪುಟ, ಐ-94 (ಅಮೆರಿಕಕ್ಕೆ ಬಂದಿಳಿದ ದಾಖಲೆ), ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ: ಇವುಗಳ ಜೆರಾಕ್ಸ್ ಒಂದು ಸೆಟ್ ತವರಿನಲ್ಲಿರಲಿ, ಅತ್ತೆ ಮನೆಯಲ್ಲಲ್ಲ.