ಬಿಪಿಟಿ ಸೇರುವ ಮೊದಲು ಇಂಟರ್ನ್‌ಶಿಪ್ ವಿಚಾರಿಸಿದ್ದು: ನನ್ನ ಅನುಭವ

ಬಿಪಿಟಿಗೆ, ಅಂದರೆ ಫಿಸಿಯೋಥೆರಪಿ ಪದವಿಗೆ, ಕಾಲೇಜು ಹುಡುಕುವಾಗ ನಾನು ಕಟ್ಟಡ, ಲ್ಯಾಬು ಜಾಸ್ತಿ ನೋಡಲಿಲ್ಲ. ನಾನು ನೋಡಿದ್ದು ಕೊನೆಯ ಆರು ತಿಂಗಳು. ಆಗ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳಲ್ಲೆಲ್ಲ ಸಿಲಬಸ್ ಒಂದೇ, ಪರೀಕ್ಷೆ ಒಂದೇ, 4 ವರ್ಷ ಓದು, ಆಮೇಲೆ 6 ತಿಂಗಳು ಇಂಟರ್ನ್‌ಶಿಪ್. ಕಾಲೇಜಿಂದ ಕಾಲೇಜಿಗೆ ಬದಲಾಗುತ್ತಿದ್ದದ್ದು ರೋಗಿಗಳು.

ಬೆಂಗಳೂರಿನ ಕಾಲೇಜು ಅಂದರೆ ನರಕ್ಕೆ ನಿಮ್ಹಾನ್ಸ್, ಮೂಳೆಗೆ ಸಂಜಯ್ ಗಾಂಧಿ, ಹೃದಯಕ್ಕೆ ಜಯದೇವ ಅಂತ ಆಸೆ ಹುಟ್ಟೋದು ಸಹಜ. ಆದರೆ ಅಂಥ ಕಡೆ ಎಷ್ಟು ವಾರ ಕಳಿಸುತ್ತಾರೆ, ಅಲ್ಲಿ ರೋಗಿಯನ್ನು ಮುಟ್ಟೋಕೆ ಬಿಡ್ತಾರಾ ಇಲ್ಲ ಸುಮ್ನೆ ನಿಂತು ನೋಡಬೇಕಾ, ಇದನ್ನು ಯಾವ ಬ್ರೋಷರೂ ಹೇಳಲ್ಲ.

ಹಾಗಾಗಿ ಬೆಳಗಿನ ಒಪಿಡಿ ಹೊತ್ತಿಗೆ ಹೋಗಿ, ಟೀ ಕುಡಿಯೋಕೆ ಹೊರಗೆ ಬಂದ ಇಂಟರ್ನ್‌ಗಳನ್ನೇ ಮಾತಾಡಿಸಿದೆ. ಹೊಸ ರೋಗಿ ಬಂದರೆ ಮೊದಲು ಪರೀಕ್ಷೆ ಮಾಡೋದು ಯಾರು ಅಂತ ಕೇಳಿದೆ. ಒಂದು ಕಡೆ ಇಂಟರ್ನ್‌ಗಳ ಕೆಲಸ ನೋವಿಗೆ ಕರೆಂಟ್ ಕೊಡುವ ಐಎಫ್‌ಟಿ ಮೆಷಿನ್ ಹಚ್ಚೋದು, ಟೈಮರ್ ಇಡೋದು, ಮುಂದಿನವರನ್ನು ಕರೆಯೋದು, ಅಷ್ಟೇ. ಜಿಲ್ಲಾ ಕೇಂದ್ರದ ಇನ್ನೊಂದು ಕಾಲೇಜಲ್ಲಿ ಅವರೇ ಗೋನಿಯೋಮೀಟರ್ ಹಿಡಿದು ಕೀಲು ಅಳೆದು, ಸ್ನಾಯುವಿನ ಬಲ ನೋಡಿ, ಕೇಸ್ ಶೀಟ್ ಬರೆದು ಮೇಡಂ ಹತ್ತಿರ ಬೈಸಿಕೊಳ್ಳುತ್ತಿದ್ದರು. ನಾನು ಬೈಗುಳ ಇದ್ದ ಕಡೆಯೇ ಸೇರಿದೆ!

ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇತ್ತು, ಇದು ಎಷ್ಟು ದೊಡ್ಡ ಲಾಭ ಅಂತ ಗೊತ್ತಾಗಿದ್ದು ಆಮೇಲೆ. ಲಕ್ವ ಹೊಡೆದು ಬಂದವರಿಗೆ ಐಸಿಯುನಲ್ಲಿ ಎದೆಯ ಕಫ ಬಿಡಿಸಿ, ವಾರ್ಡಿನಲ್ಲಿ ಎದ್ದು ಕೂರಿಸಿ, ತಿಂಗಳಾದ ಮೇಲೆ ಒಪಿಡಿಯಲ್ಲಿ ಅವರನ್ನೇ ಪ್ಯಾರಲಲ್ ಬಾರ್ ಹಿಡಿಸಿ ನಡೆಸಿದ್ದೇನೆ. ಸ್ವಂತ ಆಸ್ಪತ್ರೆ ಇಲ್ಲದೆ ಬೇರೆ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡು, ಎರಡೆರಡು ವಾರಕ್ಕೆ ಆಸ್ಪತ್ರೆ ಬದಲಾಯಿಸುವ ಟೈ-ಅಪ್ ಪೋಸ್ಟಿಂಗಲ್ಲಿ ಇದು ಸಿಗೋದು ಕಷ್ಟ. ಮಕ್ಕಳ ಕೇಸು ಮಾತ್ರ ನಮ್ಮಲ್ಲಿ ಕಡಿಮೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಇರುವ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇದ್ದವರು ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಸ್ಟೈಪೆಂಡ್ ಕೂಡ ಕೇಳಿ, ನಾಚಿಕೆ ಬೇಡ. ಕೆಲವು ಕಡೆ ಏನೂ ಕೊಡಲ್ಲ.

ಫಿಸಿಯೋಥೆರಪಿಯಂಥ ಆರೋಗ್ಯ ವೃತ್ತಿಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಆಯೋಗ 2025ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ ಬಿಪಿಟಿ 5 ವರ್ಷ, ಅದರಲ್ಲಿ 1 ವರ್ಷ ಇಂಟರ್ನ್‌ಶಿಪ್. ಅಂದರೆ ಈಗ ಇನ್ನೂ ಜಾಸ್ತಿ ವಿಚಾರಿಸಬೇಕು, ಅಲ್ವಾ? ಕಳೆದ ವರ್ಷ ಇಂಟರ್ನ್‌ಗಳನ್ನು ಎಲ್ಲೆಲ್ಲಿ, ಎಷ್ಟು ವಾರ ಹಾಕಿದ್ದರು ಅನ್ನೋ ಪೋಸ್ಟಿಂಗ್ ಪಟ್ಟಿ ತೋರಿಸಿ ಅನ್ನಿ. ತೋರಿಸೋಕೆ ಹಿಂದೇಟು ಹಾಕಿದರೆ ಬೇರೆ ಕಾಲೇಜು ನೋಡಿ.