ಶೇಡ್ ಕಾರ್ಡ್ ಆಮೇಲೆ, ಮೊದಲು ಗೋಡೆ ಮುಟ್ಟುವ ಪೇಂಟರ್ ಬೇಕು

ಮುಂಬೈ ಹತ್ತಿರದ ಡೊಂಬಿವಲಿಯ ಈ ಮನೆಗೆ ನಾವು ಬಂದು ಹದಿನೆಂಟು ವರ್ಷ ಆಯಿತು. ಇಲ್ಲಿಯವರೆಗೆ ಮೂರು ಸಲ ಬಣ್ಣ ಹೊಡೆಸಿದ್ದೇವೆ. ಎರಡನೇ ಸಲದ್ದು ಪೂರ್ತಿ ದಂಡ. ಗಣಪತಿ ಕೂರಿಸುವಾಗ ಮನೆ ಚೆನ್ನಾಗಿ ಕಾಣಲಿ ಅಂತ ಆಗಸ್ಟ್‌ನಲ್ಲಿ, ಜಡಿಮಳೆಯಲ್ಲೇ ಕೆಲಸ ಶುರು ಮಾಡಿಸಿದೆವು. ಪೇಂಟರ್ ಬಂದವನೇ ಶೇಡ್ ಕಾರ್ಡ್ ಬಿಚ್ಚಿದ. ನಾವೂ ಬಣ್ಣ ಆರಿಸುವ ಖುಷಿಯಲ್ಲಿ ಕೂತುಬಿಟ್ಟೆವು. ಹಬ್ಬದ ದಿನ ಮನೆ ಫಳಫಳ ಹೊಳೆಯಿತು. ದೀಪಾವಳಿ ಹೊತ್ತಿಗೆ ಹಾಲ್‌ನ ಒಂದು ಗೋಡೆ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳು ತಾಗಿಸಿದರೆ ಸಿಪ್ಪೆ ಕಳಚುತ್ತಿತ್ತು, ಒಳಗೆ ಬಿಳಿ ಉಪ್ಪಿನ ಪುಡಿ. ಮೇಲಿನ ಮನೆಯ ಬಾತ್‌ರೂಮ್‌ನಿಂದ ನೀರು ಇಳಿಯುತ್ತಿತ್ತು. ಪೇಂಟರ್ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ಆಮೇಲೆ ಅವನು ಫೋನ್ ಎತ್ತಲೇ ಇಲ್ಲ.

ಮೂರನೇ ಸಲ ಬಂದವರು ವಯಸ್ಸಾದ ಒಬ್ಬ ಚಾಚಾ. ಚಪ್ಪಲಿ ಬಿಟ್ಟು ಒಳಗೆ ಬಂದವರು ಸೀದಾ ಗೋಡೆಯ ಹತ್ತಿರ ಹೋದರು. ಅಂಗೈ ಒತ್ತಿ ಎಳೆದು, ಕೈ ಬೆಳ್ಳಗಾಗಿದೆಯಾ ಅಂತ ನೋಡಿಕೊಂಡರು. ಬೆಳ್ಳಗಾದರೆ ಹಳೆಯ ಬಣ್ಣ ಪುಡಿಯಾಗುತ್ತಿದೆ ಅಂತ ಅರ್ಥ. ಅದನ್ನು ಕೆರೆದು ತೆಗೆಯದೆ ಮೇಲೆ ಏನು ಹೊಡೆದರೂ ನಿಲ್ಲುವುದಿಲ್ಲ. ಆಮೇಲೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದರು. ಒಂದು ಕಡೆ ಗಟ್ಟಿ ಸದ್ದು, ಕಿಟಕಿಯ ಕೆಳಗೆ ಮಾತ್ರ ಪೊಳ್ಳು. ಪ್ಲಾಸ್ಟರ್ ಬಿಟ್ಟುಕೊಂಡಿತ್ತು. ಕೊನೆಗೆ ಕೇಳಿದರು, “ಭಾಭಿ, ಈ ಗೋಡೆಯ ಆಚೆ ಏನಿದೆ? ಮೇಲೆ ಏನಿದೆ?” ಬಣ್ಣದ ಮಾತೇ ಇಲ್ಲ. ನನಗೆ ಆಗಲೇ ಧೈರ್ಯ ಬಂತು.

ಇಷ್ಟು ಪರೀಕ್ಷೆ ನೀವೇ ಮಾಡಬಹುದು, ಪೇಂಟರ್‌ನನ್ನು ಕರೆಯುವ ಮೊದಲೇ. ಅನುಮಾನ ಇರುವ ಕಡೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಗೋಡೆಯಲ್ಲೇ ನೀರಿದೆ. ಆಗ ಪೇಂಟರ್‌ಗಿಂತ ಮೊದಲು ಪ್ಲಂಬರ್ ಬೇಕು. ನಾನು ಮೇಲಿನ ಮನೆಗೆ ಹೋಗಿ, “ಅಕ್ಕಾ, ಒಂದು ಸಲ ಕೆಳಗೆ ಬಂದು ನಮ್ಮ ಗೋಡೆ ನೋಡಿ” ಅಂತ ಕರೆದುಕೊಂಡು ಬಂದೆ. ಕಣ್ಣಾರೆ ನೋಡಿದ ಮೇಲೆ ಅವರೇ ಬಾತ್‌ರೂಮಿನ ಟೈಲ್ಸ್ ಸಂದುಗಳನ್ನು ತುಂಬಿಸಿದರು. ಗೋಡೆ ಒಣಗಲಿ ಅಂತ ಚಾಚಾ ಒಂದು ತಿಂಗಳು ಕಾಯಿಸಿದರು. ತಮ್ಮ ಕೆಲಸ ತಾವೇ ಮುಂದೆ ಹಾಕಿದ ಪೇಂಟರ್‌ನನ್ನು ನಾನು ಅದೇ ಮೊದಲು ನೋಡಿದ್ದು.

ಇಂಥವರು ಎಲ್ಲಿ ಸಿಗುತ್ತಾರೆ? ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ರಸ್ತೆ ಸರ್ಕಲ್‌ನಲ್ಲಿ, ಬ್ರಶ್ ಹಿಡಿದು ನಿಂತವರಲ್ಲಿ ಒಳ್ಳೆಯ ಕೈಗಾರರು ಇರುತ್ತಾರೆ. ಗ್ರಿಲ್‌ಗೆ ಆಯಿಲ್ ಪೇಂಟ್ ಹೊಡೆಯುವಂಥ ಒಂದು ದಿನದ ಕೆಲಸಕ್ಕೆ ಸಾಕು. ಇಡೀ ಮನೆಗಾದರೆ ನಾಳೆ ಹುಡುಕಲು ಒಂದು ವಿಳಾಸ ಬೇಕು, ಅಲ್ವಾ? ನಾನು ಚಾಚಾನನ್ನು ಕಂಡುಕೊಂಡಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ. ಅಲ್ಲಿ ಕುಂಚ ಹಿಡಿದ ಗಟ್ಟು ಹುಡುಗನ ಹಳೆಯ ತಗಡಿನ ಬೋರ್ಡ್ ಇನ್ನೂ ಇದೆ. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ ಹುಡುಗ. ನೋಡಿದಾಗಲೆಲ್ಲ ಊರಿನವರು ಸಿಕ್ಕ ಹಾಗಾಗುತ್ತದೆ. ಅಂಗಡಿಯವರು ಹೇಳಿದರು ಅಂತ ಸುಮ್ನೆ ಒಪ್ಪಿಕೊಳ್ಳಲಿಲ್ಲ. ಎರಡು ಮಳೆಗಾಲದ ಹಿಂದೆ ನೀವು ಬಣ್ಣ ಹೊಡೆದ ಮನೆ ತೋರಿಸಿ ಅಂತ ಕೇಳಿದೆ. ಹೋದ ವಾರ ಹೊಡೆದ ಬಣ್ಣ ಯಾರದ್ದಾದರೂ ಚೆನ್ನಾಗಿಯೇ ಕಾಣುತ್ತದೆ. ಹಳೆಯ ಮನೆಯಲ್ಲಿ ಕಿಟಕಿಯ ಮೂಲೆ, ಬಾತ್‌ರೂಮಿಗೆ ತಾಗಿದ ಗೋಡೆ ನೋಡಿ, ಸಾಕು.

ಇನ್ನು ಅಳತೆ. ಜಗಳ ಆಗುವುದು ಇಲ್ಲೇ, ಹಾಗಾಗಿ ಟೇಪ್ ಹಿಡಿದು ನೀವೂ ಜೊತೆಗೆ ಅಳೆಯಿರಿ. ನಮ್ಮ ಬೆಡ್‌ರೂಮ್ 12 ಅಡಿಗೆ 10 ಅಡಿ, ಎತ್ತರ ಒಂಬತ್ತೂವರೆ. ನಾಲ್ಕು ಗೋಡೆಯ ಉದ್ದ ಕೂಡಿದರೆ 44 ಅಡಿ. ಎತ್ತರದಿಂದ ಗುಣಿಸಿದರೆ 418 ಚದರ ಅಡಿ. ಸೀಲಿಂಗ್ 120. ಒಟ್ಟು 538. ಬಾಗಿಲಿಗೆ 21, ಕಿಟಕಿಗೆ 20 ಕಳೆದರೆ ಉಳಿಯುವುದು 497. ಬಾಗಿಲು ಕಿಟಕಿ ಕಳೆಯುತ್ತೀರಾ ಇಲ್ಲವಾ ಅಂತ ಮೊದಲೇ ಕೇಳಿ. ಎರಡು ಪದ್ಧತಿಯೂ ಇದೆ. ಕೆಲವರು ಬ್ರಾಸ್ ಲೆಕ್ಕದಲ್ಲಿ ರೇಟು ಹೇಳುತ್ತಾರೆ, ಒಂದು ಬ್ರಾಸ್ ಅಂದರೆ 100 ಚದರ ಅಡಿ.

ರೇಟು ಕೇಳುವಾಗ ‘ವಿತ್ ಮಟೀರಿಯಲ್’ ಎಷ್ಟು, ಬರೀ ಲೇಬರ್ ಎಷ್ಟು ಅಂತ ಎರಡೂ ಬರೆಸಿಕೊಳ್ಳಿ. ಬರೀ ‘ರಾಯಲ್ ಕೆಲಸ’, ‘ಎ ಒನ್ ಕೆಲಸ’ ಅಂದರೆ ಏನೂ ಹೇಳಿದ ಹಾಗಲ್ಲ. ಯಾವ ಕಂಪನಿ, ಡಬ್ಬದ ಮೇಲಿನ ಪೂರ್ತಿ ಹೆಸರು ಏನು, ಗೋಡೆ ಸಪಾಟು ಮಾಡಲು ಮೆತ್ತುವ ಪುಟ್ಟಿ ಎಷ್ಟು ಕೋಟ್, ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಪ್ರೈಮರ್ ಇದೆಯಾ, ಬಣ್ಣ ಎರಡು ಕೋಟಾ ಮೂರಾ, ಗ್ರಿಲ್ ಮತ್ತು ಬಾಗಿಲು ಸೇರಿದೆಯಾ, ಸಾಮಾನು ಸರಿಸಿ ಮುಚ್ಚುವವರು ಯಾರು, ಎಲ್ಲ ಒಂದು ಹಾಳೆಯಲ್ಲಿ ಬರಲಿ. ಹಳೆಯ ಗೋಡೆ ಗಟ್ಟಿ ಇದ್ದರೆ ಇಡೀ ಮನೆಗೆ ಪುಟ್ಟಿ ಬೇಡ, ಕೆರೆದ ಜಾಗಕ್ಕೆ ಮತ್ತು ಬಿರುಕಿಗೆ ಸಾಕು. ಬಿಲ್ಲು ಜಾಸ್ತಿ ಕಮ್ಮಿ ಆಗುವುದು ಇದರಿಂದಲೇ. ಬಣ್ಣ ನೀವೇ ತಂದುಕೊಡಿ, ಆಗಲಿಲ್ಲ ಅಂದರೆ ಡಬ್ಬ ನಿಮ್ಮೆದುರೇ ತೆಗೆಯಲಿ. ಎಷ್ಟು ನೀರು ಬೆರೆಸಬೇಕು ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಕೆಲವು ಡಬ್ಬಗಳಲ್ಲಿ ಪೇಂಟರ್‌ಗೆ ಲಾಭ ಆಗುವಂಥ ಕಂಪನಿಯ ಟೋಕನ್ ಇರುತ್ತದೆ, ಒಂದೇ ಬ್ರ್ಯಾಂಡ್ ಬೇಕು ಅಂತ ಅವರು ಹಠ ಹಿಡಿದರೆ ಅದೂ ಒಂದು ಕಾರಣ ಇರಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದೊಂದು ಮಾತು ಮರೆಯಬೇಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅಂತ ನಮ್ಮಲ್ಲಿ ನಿಯಮ ಬಂದಿದ್ದು 2016ರಲ್ಲಿ. ಅದಕ್ಕಿಂತ ಹಳೆಯ ಬಣ್ಣ, ಅದರಲ್ಲೂ ಬಾಗಿಲು ಗ್ರಿಲ್‌ಗಳ ಆಯಿಲ್ ಪೇಂಟ್, ಒಣಗಿದ್ದಾಗ ತಿಕ್ಕಿದರೆ ಸೀಸದ ಧೂಳು ಏಳಬಹುದು. ಒದ್ದೆ ಮಾಡಿ ತಿಕ್ಕಿಸಿ. ಆ ಎರಡು ಮೂರು ದಿನ ಮಗುವನ್ನು ಅಜ್ಜಿ ಮನೆಗೆ ಕಳಿಸಿ. ಕೆಲಸ ಮಾಡುವವರ ಮೂಗಿಗೂ ಮಾಸ್ಕ್ ಇರಲಿ. ಅವರೂ ಯಾರದೋ ಮನೆಯ ಮಕ್ಕಳು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಈ ಕೆಲಸ ಬೇಡವೇ ಬೇಡ. ದೀಪಾವಳಿಗೆ ಮುಂಚೆ ಎಲ್ಲರಿಗೂ ಆತುರ, ಪೇಂಟರ್ ನಿಮ್ಮನೆಯಲ್ಲಿ ಅರ್ಧ ದಿನ, ಇನ್ನೊಬ್ಬರ ಮನೆಯಲ್ಲಿ ಅರ್ಧ ದಿನ. ಹಬ್ಬ ಆದ ಮೇಲೆ ಮಾಡಿಸಿ. ಬಿಹಾರ, ಯುಪಿ ಕಡೆಯವರಾದರೆ ದೀಪಾವಳಿ ಆದ ಕೂಡಲೇ ಬರುವ ಛಠ್ ಪೂಜೆಗೆ ಊರಿಗೆ ಹೋಗುತ್ತೀರಾ, ಯಾವಾಗ ವಾಪಸ್ಸು ಅಂತ ಕೇಳಿಕೊಂಡೇ ತಾರೀಕು ಇಡಿ. ಸೊಸೈಟಿ ಆಫೀಸಿಗೆ ಚೀಟಿ ಕೊಟ್ಟು, ಕೆಲಸದ ಸಮಯ ಮತ್ತು ಲಿಫ್ಟಿನ ವಿಷಯ ಕೇಳಿಕೊಳ್ಳಿ.

ದುಡ್ಡನ್ನು ನಾನು ನಾಲ್ಕು ಭಾಗ ಮಾಡಿದ್ದೆ. ಶುರುವಿಗೆ ಒಂದು, ಪುಟ್ಟಿ ತಿಕ್ಕಿ ಮುಗಿದಾಗ ಒಂದು, ಮೊದಲ ಕೋಟ್ ಆದಾಗ ಒಂದು, ಎಲ್ಲ ಮುಗಿದು ನೋಡಿದ ಮೇಲೆ ಕೊನೆಯದು. ಪುಟ್ಟಿಯ ದಿನ ಸಂಜೆ ಚಾಚಾ ಟ್ಯೂಬ್‌ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಅಂಟಿಸಿದ ಹಾಗೆ ಅಡ್ಡ ಹಿಡಿದರು. ಸಪಾಟಾಗಿ ಕಂಡಿದ್ದ ಗೋಡೆಯಲ್ಲಿ ಸಣ್ಣ ಸಣ್ಣ ಅಲೆಗಳ ನೆರಳು ಎದ್ದವು. ಒಂದೊಂದಕ್ಕೂ ಪೆನ್ಸಿಲ್‌ನಿಂದ ಸುತ್ತು ಹಾಕಿ, ಬೆಳಿಗ್ಗೆ ಬಂದು ಮತ್ತೆ ಪಾಲಿಶ್ ಪೇಪರ್ ಹಿಡಿದರು. ನೀವೂ ಎರಡನೇ ಕಂತು ಕೊಡುವ ಮೊದಲು ಹೀಗೆ ಟಾರ್ಚ್ ಹಿಡಿದು ನೋಡಿ. ಬಣ್ಣ ಬಿದ್ದ ಮೇಲೆ ಆ ಅಲೆ ತೆಗೆಯಲು ಆಗುವುದಿಲ್ಲ.

ಉಳಿದ ಬಣ್ಣವನ್ನು ಸಣ್ಣ ಡಬ್ಬಕ್ಕೆ ಹಾಕಿ ಗಟ್ಟಿ ಮುಚ್ಚಿಸಿಕೊಳ್ಳಿ, ಟಚಪ್‌ಗೆ ಬೇಕಾಗುತ್ತದೆ. ಪ್ರತಿ ಕೋಣೆಯ ಶೇಡ್ ನಂಬರ್, ಡಬ್ಬದ ಹೆಸರು, ಹೊಡೆಸಿದ ತಿಂಗಳು ಬರೆದಿಡಿ. ನಾನು ಅಡುಗೆಮನೆ ಕಪಾಟಿನ ಬಾಗಿಲಿನ ಒಳಬದಿಯಲ್ಲಿ ಬರೆದಿದ್ದೇನೆ. ಅದರ ಕೆಳಗೆ ಚಾಚಾನ ಫೋನ್ ನಂಬರ್.